ಅರ್ಧ ತಾಸಿನ ಹುಬ್ಬಳ್ಳಿ

ನನ್ನ ಬಲಗೈ ಬಡಿಯುವ ಕೈಯಾಗಿತ್ತು. ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲಿ ಬೆಳಗಿನ ಜಾವ ಎದ್ದವರಿಗೆಲ್ಲ ಮೊದಲು ಕೇಳುತ್ತಿದ್ದ ಸದ್ದು ಅದರದೇ. ಹಲಗೆಯ ಮೇಲೆ ಜೋಳದ ಹಿಟ್ಟಿನ ಉಂಡೆ ಇಟ್ಟು, ಅಂಗೈಯಿಂದ ಬಡಿದು, ತಿರುಗಿಸಿ, ಮತ್ತೆ ಬಡಿದು ಹಂಚಿಗೆ ಎಸೆಯುವುದರಲ್ಲಿ ನನ್ನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಜಂಬವೊಂದೇ ಉಳಿದಿದೆ, ಕೈ ಉಳಿದಿಲ್ಲ.

ರೊಟ್ಟಿ ಮಾತ್ರ ಬಡಿದೆ ಎಂದರೆ ಸುಳ್ಳಾಗುತ್ತದೆ. ಮದುವೆಯಾದ ಹೊಸದರಲ್ಲಿ ಕುಡಿದು ಬಂದು ಬಾಗಿಲು ಒದ್ದ ಗಂಡನಿಗೆ ಅದೇ ಕೈಯಿಂದ ಒಂದು ಬಿದ್ದಿತ್ತು. ಆಮೇಲೆ ಅವರು ಕುಡಿಯುವುದು ಬಿಟ್ಟರು ಎಂದಲ್ಲ, ಬಾಗಿಲು ಒದೆಯುವುದು ಬಿಟ್ಟರು. ಸಂತೆಯ ನೂಕುನುಗ್ಗಲಿನಲ್ಲಿ ಸೊಂಟಕ್ಕೆ ಕೈಹಾಕಿದ ಒಬ್ಬ ಗಂಡಸು ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. ತಮ್ಮನಿಗೆ ಬಿದ್ದದ್ದಕ್ಕಂತೂ ಲೆಕ್ಕವಿಲ್ಲ. ಅಪ್ಪನ ಹಿಂದೆಯೇ ತಾಯಿಯೂ ತೀರಿಕೊಂಡಾಗ ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಗಂಡನ ಮನೆಗೆ ಬರುವಾಗ ಟ್ರಂಕಿನ ಜೊತೆಗೆ ಅವನನ್ನೂ ತಂದೆ, ಹೊಡೆದು ಹೊಡೆದು ಓದಿಸಿದೆ. ಈಗ ಅವನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಇಸ್ತ್ರಿ ಮಾಡಿದ ಅಂಗಿ ಹಾಕುತ್ತಾನೆ, ಜೇಬಿನಲ್ಲಿ ದೊಡ್ಡ ಫೋನು, ಏನು ಕೇಳಿದರೂ ಅದರಲ್ಲಿ ನೋಡಿ ಹೇಳುತ್ತಾನೆ.

ನಮ್ಮ ವ್ಯಾಪಾರ ನಡೆಯುತ್ತಿದ್ದುದೇ ಬಸ್ಸಿನಿಂದ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಈ ನಾಲ್ಕೂ ಊರಿನ ಖಾನಾವಳಿಗಳಿಗೆ ನನ್ನ ಕಡಕ್ ರೊಟ್ಟಿಯ ಗಂಟು ಮೊದಲ ಬಸ್ಸಿಗೇ ಹೋಗಬೇಕು. ಡ್ರೈವರ್ ಸೀಟಿನ ಹಿಂದೆ ಗಂಟು ಇಟ್ಟು, ಕಂಡಕ್ಟರನ ಕೈಗೆ ಒಂದೆರಡು ಬಿಸಿ ರೊಟ್ಟಿ, ಮೇಲಿಷ್ಟು ಚಟ್ನಿಪುಡಿ ಕೊಟ್ಟರೆ ಆಯಿತು. ಆ ಕಡೆ ಬಸ್ ನಿಲ್ದಾಣದಲ್ಲಿ ಖಾನಾವಳಿಯವರು ಇಳಿಸಿಕೊಳ್ಳುತ್ತಾರೆ. ಹರಪನಹಳ್ಳಿ ಆಚೆಯ ತೆಲಿಗಿಯ ಒಂದು ಹೋಟೆಲಿನವರು ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಎಳೆದುಕೊಳ್ಳುತ್ತಿದ್ದರು. ಈ ಗಂಟುಗಳನ್ನು ಬಸ್ಸಿಗೆ ಹಾಕುವ ಕೆಲಸ ಮೊದಲಿನಿಂದಲೂ ತಮ್ಮನದು. ನೌಕರಿ ಸಿಕ್ಕ ಮೇಲೂ ಕಚೇರಿಗೆ ಹೋಗುವ ಮುಂಚೆ ಸೈಕಲ್ಲಿನ ಬದಲು ಮೋಟರ್ ಸೈಕಲ್ಲಿನಲ್ಲಿ ಹಾಕಿ ಬರುತ್ತಿದ್ದ, ಅಷ್ಟೇ ವ್ಯತ್ಯಾಸ.

ಹಾಗಾಗಿ ಯಾವ ಊರಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂಬುದು ಅವನ ನಾಲಿಗೆಯ ತುದಿಯಲ್ಲಿತ್ತು. "ಹೊಳಲಿಗೆ ಎಷ್ಟೊತ್ತಲೇ?" ಎಂದು ಕೇಳುವುದರೊಳಗೆ ಬಸ್ಸು ಎಲ್ಲಿ ಎಷ್ಟು ನಿಲ್ಲುತ್ತದೆ ಎಂಬುದನ್ನೂ ಸೇರಿಸಿ ಹೇಳುತ್ತಿದ್ದ. ನಮ್ಮ ಕಡೆ ಇನ್ನೊಂದು ರೂಢಿ ಇದೆ. ಒಂದು ಊರಿಗೆ ಇಷ್ಟು ಹೊತ್ತು ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಬಸ್ಸು ಇದೆ ಎಂದೇ ಅರ್ಥ. ಬಸ್ಸು ಇಲ್ಲದ ಊರಿಗೆ ಯಾರೂ ಹೊತ್ತು ಹೇಳುವುದಿಲ್ಲ, "ಬಸ್ಸಿಲ್ರಿ ಅಲ್ಲಿಗೆ" ಎಂದು ಕೈ ಅಲ್ಲಾಡಿಸುತ್ತಾರೆ. ಇದು ನೆನಪಿರಲಿ. ನನ್ನ ಕೈ ಹೋದದ್ದು ಇದರಿಂದಲೇ.

ಮನೆಯ ಹಿಂದೆ ಎಮ್ಮೆಗಳ ಕೊಟ್ಟಿಗೆ, ಅಲ್ಲೊಂದು ಮೇವು ಕತ್ತರಿಸುವ ಮಷೀನು. ಕರೆಂಟಿನದು. ಜೋಳದ ದಂಟನ್ನು ಈ ಕಡೆಯಿಂದ ತಳ್ಳಿದರೆ ಆ ಕಡೆ ಗೇಣುದ್ದದ ಚೂರಾಗಿ ಬೀಳುತ್ತದೆ. ಅವತ್ತು ರೊಟ್ಟಿಯ ಗಂಟುಗಳು ಹೊರಟುಹೋಗಿದ್ದವು. ಹಿಟ್ಟಿನ ಕೈ ತೊಳೆಯದೆ ಹಾಗೆಯೇ ಮೇವು ಹಾಕಲು ಹೋದೆ. ಗಿಣ್ಣು ದಪ್ಪವಾಗಿದ್ದ ಒಂದು ದಂಟು ಅಡ್ಡ ಸಿಕ್ಕಿಕೊಂಡು ಮಷೀನು ಗೊರಗೊರ ಎಂದಿತು. ಎಲ್ಲರೂ ಮಾಡುವುದನ್ನೇ ಮಾಡಿದೆ, ಅಂಗೈಯಿಂದ ಒಂದು ಏಟು ಕೊಟ್ಟು ತಳ್ಳಿದೆ. ದಂಟು ಒಮ್ಮೆಗೇ ಒಳಗೆ ಹೋಯಿತು. ಕೈಯೂ ಹೋಯಿತು.

ನೋವು ತಕ್ಷಣ ಬರಲಿಲ್ಲ. ಯಾರೋ ಮೊಣಕೈ ಹಿಡಿದು ಜಗ್ಗಿದಂತಾಯಿತು, ತೋಳು ಇದ್ದಕ್ಕಿದ್ದಂತೆ ಹಗುರಾಯಿತು. ಮಷೀನಿನ ಆಚೆ ಮೇವಿನ ಚೂರುಗಳ ರಾಶಿಯ ಮೇಲೆ ಮಣಿಕಟ್ಟಿನಲ್ಲಿ ತುಂಡಾದ ನನ್ನ ಕೈ ಇಡಿಯಾಗಿ ಬಿದ್ದಿತ್ತು. ಉಗುರಿನ ಸಂದಿಯಲ್ಲಿ ಹಿಟ್ಟು, ಬೆರಳಿನಲ್ಲಿ ಉಂಗುರ. ಕಟ್ಟಿದ್ದ ಎಮ್ಮೆ ಕತ್ತು ಚಾಚಿ ಅದನ್ನು ಮೂಸಿತು. ಆಗ ರಕ್ತ ಚಿಮ್ಮಿ ಗೋಡೆಗೆ ಬಿತ್ತು, ಆಗ ನೋವೂ ಬಂತು. ನಾನು ಕೂಗಿದ್ದು ಅಯ್ಯೋ ಎಂದಲ್ಲ. "ನಿನ್ನ ಮನಿ ಹಾಳಾಗ!" ಎಂದು ಮಷೀನಿಗೆ ಬೈದು ಕಾಲಿನಿಂದ ಒದ್ದೆ. ಕಾಲಿನ ಹೆಬ್ಬೆರಳ ಉಗುರೂ ಕಿತ್ತುಹೋಯಿತು. ಗಂಡ ಓಡಿ ಬಂದು ಮಷೀನು ಬಂದ್ ಮಾಡಿ, ಹೆಗಲ ಮೇಲಿನ ಟವೆಲಿನಿಂದ ನನ್ನ ತೋಳು ಬಿಗಿದು ಕಟ್ಟಿದರು. ಕಟ್ಟುವಾಗ ಅವರೇ ಅಳುತ್ತಿದ್ದರು.

ಊರಿನ ಆಸ್ಪತ್ರೆಯಲ್ಲಿ ಒಬ್ಬ ಎಳೆ ವಯಸ್ಸಿನ ಡಾಕ್ಟರಮ್ಮ ಇದ್ದಳು. ರಕ್ತ ನಿಲ್ಲಿಸಿ, ಸೂಜಿ ಚುಚ್ಚಿ, ನನ್ನ ಕೈಯನ್ನು ತೊಳೆದು, ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆ ತುಂಬಿದ ಥರ್ಮೊಕೋಲ್ ಡಬ್ಬಿಯಲ್ಲಿಟ್ಟಳು. ಮೇಲೆ ಪಟ್ಟಿ ಸುತ್ತಿ ಗಂಟು ಹಾಕಿದಳು.

"ಕೈ ಸ್ವಚ್ಛಾಗಿ ಕತ್ತರಿಸೈತಿ, ಕೂಡಿಸಾಕ ಬರ್ತೈತಿ" ಎಂದಳು. "ಹುಬ್ಬಳ್ಯಾಗ ಕೈ ಕೂಡಿಸೋ ಡಾಕ್ಟ್ರು ಅದಾರ, ನಾ ಫೋನ್ ಮಾಡಿ ಹೇಳೀನಿ. ಆದ್ರ ಎಲ್ಲೂ ನಿಲ್ಲಬ್ಯಾಡ್ರಿ, ಹೊತ್ತು ಹೋದಂಗ ಕೈ ಸಾಯ್ತೈತಿ. ಐಸು ಕೈಗೆ ತಾಗಬಾರದು, ಡಬ್ಬಿ ಬಿಚ್ಚಬಾರದು."

ಕೈ ಸಾಯುತ್ತದೆ ಎಂಬ ಮಾತು ನನಗೆ ನಾಟಿತು. ಇನ್ನೂ ಸತ್ತಿಲ್ಲ ಎಂದಾಯಿತಲ್ಲ. ಆಂಬುಲೆನ್ಸು ಬೇರೆ ಯಾರನ್ನೋ ಕರೆದುಕೊಂಡು ಹೋಗಿತ್ತು. ಓಣಿಯವರೊಬ್ಬರ ಕಾರಿನ ಕೀ ಗಂಡನ ಕೈಗೆ ಬಂತು. ಕಚೇರಿಯಿಂದ ತಮ್ಮ ಓಡಿ ಬಂದ, ಡಬ್ಬಿಯನ್ನು ಎದೆಗೆ ಅವಚಿಕೊಂಡು ಮುಂದಿನ ಸೀಟಿನಲ್ಲಿ ಕುಳಿತ. ನಾನು ಹಿಂದೆ ಮಲಗಿದೆ. ಗಂಡ ಹಡಗಲಿ ರಸ್ತೆಗೆ ಕಾರು ತಿರುಗಿಸುವುದರಲ್ಲಿದ್ದರು. ಹಡಗಲಿ, ಮುಂಡರಗಿ, ಗದಗ, ಹುಬ್ಬಳ್ಳಿ. ದಾರಿ ಎಂದರೆ ಅದೊಂದೇ ದಾರಿ.

"ಮಾಮಾ, ನಿಂದ್ರು" ಎಂದ ತಮ್ಮ. ಅವನ ಹೆಬ್ಬೆರಳು ಫೋನಿನ ಮೇಲೆ ಆಡುತ್ತಿತ್ತು. "ತೋರಣಗಲ್ಲಿಂದ ಹುಬ್ಬಳ್ಳಿಗೆ ವಿಮಾನದಾಗ ಬರೇ ಅರ್ಧ ತಾಸು ಐತಿ!"

"ಏನಂದಿ?"

"ವಿಮಾನ, ಮಾಮಾ. ತೋರಣಗಲ್ಲಾಗೂ ವಿಮಾನ ನಿಲ್ದಾಣ ಐತಿ, ಹುಬ್ಬಳ್ಯಾಗೂ ಐತಿ. ಇಲ್ಲಿ ನೋಡು, ದೂರಾನೂ ಬರದಾರ, ಹೊತ್ತೂ ಬರದಾರ. ತೋರಣಗಲ್ಲಿಗೆ ಹೋಗೋ ಹೊತ್ತು ಸೇರಿಸಿದ್ರೂ ಉಳೀತೈತಿ, ರಸ್ತೆದಾಗ ಹೋದ್ರ ಮೂರು ತಾಸು ಮ್ಯಾಲ ಆಕ್ಕೈತಿ. ಹಡಗಲಿ ದಾಟಿದ ಮ್ಯಾಲ ರಸ್ತೆ ಕಿತ್ತು ಹಾಕ್ಯಾರ, ನಿನಗೂ ಗೊತ್ತೈತಿ."

ನಮ್ಮ ಮನೆಯಲ್ಲಿ ಯಾರೂ ವಿಮಾನ ಹತ್ತಿದವರಲ್ಲ. ಗಂಡ ಹಡಗಲಿ ರಸ್ತೆಯ ಕಡೆಗೊಮ್ಮೆ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಜಾಗಾ ಸಿಗದಿದ್ರ?"

"ಇಂಥಾದ್ದಕ್ಕ ಕೊಟ್ಟೇ ಕೊಡ್ತಾರ. ಕೂಡಾಕ ಜಾಗಾ ಇಲ್ಲಂದ್ರ ನಿಂತು ಹೋಗೋಣು. ಅರ್ಧ ತಾಸು ನಿಂದ್ರಾಕ ಆಗೋದಿಲ್ಲೇನು?"

ಇವತ್ತು ಇದನ್ನು ಬರೆಯುವಾಗ ನಗು ಬರುತ್ತದೆ. ಅವತ್ತು ನಮಗ್ಯಾರಿಗೂ ನಗು ಬರಲಿಲ್ಲ. ಹೊತ್ತು ಬರೆದಿದ್ದಾರೆ ಎಂದರೆ ಗಾಡಿ ಇದೆ ಎಂದೇ ನಮ್ಮ ಮೂವರ ತಲೆಯೂ ಓಡಿತು. ಅವನು ಚಿಕ್ಕಂದಿನಿಂದ ಬಸ್ ನಿಲ್ದಾಣದಲ್ಲಿ ಬೆಳೆದವನು, ನಾನು ಅವನ ಬಾಯಿಂದ ಬಸ್ಸಿನ ಹೊತ್ತು ಕೇಳಿ ರೊಟ್ಟಿ ಬಡಿದವಳು. ಗಂಡ ಕಾರು ತಿರುಗಿಸಿದರು. ಹುಬ್ಬಳ್ಳಿಗೆ ಬೆನ್ನು ಹಾಕಿ ಹೊಸಪೇಟೆ ಆಚೆಯ ತೋರಣಗಲ್ಲಿನ ಕಡೆಗೆ ಹೊರಟೆವು.

ಆ ದಾರಿಯಲ್ಲಿ ಗಂಡ ಕಾರು ಓಡಿಸಿದ್ದು ಜಗಳ ಮಾಡಿದಂತಿತ್ತು. ಎದುರಿಗೆ ಬಂದವರಿಗೆಲ್ಲ ಬೈದರು. ಅದಿರಿನ ಲಾರಿಯೊಂದು ಜಾಗ ಬಿಡದಿದ್ದಾಗ ಪಕ್ಕಕ್ಕೆ ನುಗ್ಗಿಸಿ ಕನ್ನಡಿ ಮುರಿದುಕೊಂಡರು. ಲಾರಿಯವನು ಹೊಸಪೇಟೆಯ ಸರ್ಕಲ್ಲಿನಲ್ಲಿ ಅಡ್ಡ ಹಾಕಿ ಇಳಿದು, ಕಬ್ಬಿಣದ ಸಲಾಕೆ ಹಿಡಿದು ಬಂದ. ತಮ್ಮ ಕಿಟಕಿ ಇಳಿಸಿ ಡಬ್ಬಿ ಎತ್ತಿ ತೋರಿಸಿ, "ನಮ್ಮಕ್ಕನ ಕೈ ಐತಿ ಇದ್ರಾಗ, ನಿಂದೂ ಹಾಕ್ಲೇನು?" ಎಂದು ಕಿರುಚಿದ. ಅವನ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿರಲಿಲ್ಲ. ಲಾರಿಯವನು ಹಿಂದಿನ ಸೀಟಿನಲ್ಲಿ ರಕ್ತ ಮೆತ್ತಿದ್ದ ನನ್ನನ್ನು ನೋಡಿ ಸಲಾಕೆ ಇಳಿಸಿದ, ತಾನೇ ಮುಂದೆ ನಿಂತು ಬೇರೆ ಗಾಡಿಗಳನ್ನು ತಡೆದು ದಾರಿ ಬಿಡಿಸಿದ.

ಸೂಜಿಯ ಮಂಪರಿನಲ್ಲಿ ನನಗೆ ಬೆರಳುಗಳು ಚುರುಗುಟ್ಟುತ್ತಿದ್ದವು. ಮುಂದಿನ ಸೀಟಿನ ಡಬ್ಬಿಯೊಳಗಿನ ಬೆರಳುಗಳು. ಅವು ತಣ್ಣಗಾಗುತ್ತಿವೆ ಎಂದು ನಾನು ಹೇಳಿದಾಗ ತಮ್ಮ ಹಿಂದೆ ತಿರುಗಿ, "ಆತು ಅಕ್ಕಾ, ಇನ್ನೇನು ಅರ್ಧ ತಾಸು" ಎಂದ. ನಾನು ನಂಬಿದೆ. ನಾಳೆ ನಾಡಿದ್ದು ಕೈ ಕೂಡಿಸಿಕೊಂಡು ವಿಮಾನದ ಕಥೆಯನ್ನು ಇಡೀ ಓಣಿಗೆ ಹೇಳುವುದು ಹೇಗೆ ಎಂದು ಕೂಡ ಯೋಚಿಸಿದೆ. ಆಸೆ ಎಂಬುದು ಎಷ್ಟು ನಾಚಿಕೆಗೆಟ್ಟದ್ದು ನೋಡಿ.

ತೋರಣಗಲ್ಲಿನ ವಿಮಾನ ನಿಲ್ದಾಣ ಬಿಸಿಲಿನಲ್ಲಿ ಖಾಲಿ ಖಾಲಿ ನಿಂತಿತ್ತು. ಗೇಟಿನಲ್ಲಿ ಒಬ್ಬ ಕಾವಲುಗಾರ. ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ತಮ್ಮ ಓಡಿಹೋಗಿ, ಬಸ್ ನಿಲ್ದಾಣದಲ್ಲಿ ಕೇಳುವ ಹಾಗೆಯೇ ಕೇಳಿದ.

"ಹುಬ್ಬಳ್ಳಿ ವಿಮಾನ ಎಷ್ಟೊತ್ತಿಗೈತ್ರಿ?"

"ಹುಬ್ಬಳ್ಳಿಗೆ ಇಲ್ಲಿಂದ ವಿಮಾನ ಇಲ್ರಿ."

"ಇಲ್ಲಂದ್ರ? ಇಲ್ಲಿ ಬರದಾರಲ್ಲ. ಅರ್ಧ ತಾಸು ಅಂತ ಬರದಾರ!"

"ಯಾರು ಬರದಾರೋ ಗೊತ್ತಿಲ್ರಿ. ಇಲ್ಲಿಂದ ದೂರದ ಊರಿಗೆ ಹೋಗ್ತಾವು. ಅದೂ ಇವತ್ತು ಯಾವ್ದೂ ಇಲ್ಲ."

ತಮ್ಮ ಕಾವಲುಗಾರನ ಕೊರಳಪಟ್ಟಿ ಹಿಡಿದುಬಿಟ್ಟ. ಜೀವಮಾನದಲ್ಲಿ ಯಾರ ಮೈಮೇಲೂ ಕೈ ಮಾಡಿದವನಲ್ಲ ಅವನು, ನನ್ನ ಏಟು ತಿಂದು ಬೆಳೆದವನು. "ಸುಳ್ಳು ಹೇಳ್ತೀಯಾ, ವಿಮಾನ ಐತಿ, ಬಿಡು ಒಳಗ" ಎಂದು ಅವನನ್ನು ಗೇಟಿಗೆ ಒತ್ತಿ ಹಿಡಿದ. ಒಳಗಿನಿಂದ ಇನ್ನಿಬ್ಬರು ಓಡಿ ಬಂದರು. ಅಷ್ಟರಲ್ಲಿ ಗಂಡ ಕಾರಿನಿಂದ ಇಳಿದಾಗಿತ್ತು. ಅವರಿಗೆ ಅಲ್ಲಿಯವರೆಗೆ ತಡೆದಿಟ್ಟುಕೊಂಡಿದ್ದೆಲ್ಲ ಒಮ್ಮೆಗೇ ಒಡೆದುಕೊಂಡು ಬಂತು. ತಮ್ಮನ ಅಂಗಿ ಹಿಂದಿನಿಂದ ಹಿಡಿದು ಜಗ್ಗಿ ಕೆನ್ನೆಗೆ ಹೊಡೆದರು. "ವಿಮಾನ ಅಂತ ವಿಮಾನ! ಎಲ್ಲೈತಿ ತೋರ್ಸಲೇ!" ಎಂದು ಇನ್ನೊಂದು ಹೊಡೆದರು. ತಮ್ಮ ಕೆಳಗೆ ಬಿದ್ದ. ಗಂಡ ಕಾಲಿನಿಂದ ಒದ್ದರು. ಕಾವಲುಗಾರರು ಬಿಡಿಸಲು ಹೋಗಿ ತಾವೂ ಏಟು ತಿಂದರು. "ಡಬ್ಬಿ! ಡಬ್ಬಿ ನೋಡ್ರಿ!" ಎಂದು ನಾನು ಕಾರಿನಿಂದ ಕಿರುಚುತ್ತಲೇ ಇದ್ದೆ. ಯಾರ ಕಿವಿಗೂ ಬೀಳಲಿಲ್ಲ.

ಗಂಡನ ಎರಡನೆಯ ಒದೆತ ಡಬ್ಬಿಗೆ ಬಿತ್ತು. ಥರ್ಮೊಕೋಲು ಮುರಿದು ಮಂಜುಗಡ್ಡೆಯೆಲ್ಲ ಡಾಂಬರಿನ ಮೇಲೆ ಚೆಲ್ಲಿತು. ಚೀಲ ಹರಿದಿತ್ತು. ಸುತ್ತಿದ ಬಟ್ಟೆ ಬಿಚ್ಚಿಕೊಂಡು ನನ್ನ ಕೈ ಹೊರಳಿ ಹೋಗಿ ಗೇಟಿನ ಕಬ್ಬಿಣದ ಹಳಿಯ ಹತ್ತಿರ ಅಂಗೈ ಮೇಲಾಗಿ ನಿಂತಿತು.

ಆಗ ಎಲ್ಲರೂ ನಿಂತರು. ಗಂಡನ ಕಾಲು ಇನ್ನೂ ಮೇಲೇ ಇತ್ತು, ಇಳಿಸಲು ಮರೆತಿದ್ದರು. ಮೂಗಿನಿಂದ ರಕ್ತ ಸುರಿಸುತ್ತ ತಮ್ಮ ಮಂಡಿಗಾಲಲ್ಲಿ ತೆವಳಿ ಅದರ ಹತ್ತಿರ ಹೋದ. ಹೋಗಿ ಮುಟ್ಟಲಾರದೆ ಕುಳಿತ. ನಾನೇ ಕಾರಿನಿಂದ ಇಳಿದೆ. ಬಾಗಿ, ಎಡಗೈಯಿಂದ ನನ್ನ ಬಲಗೈಯನ್ನು ಎತ್ತಿಕೊಂಡೆ. ಅದು ತಣ್ಣಗಿತ್ತು, ತೂಕವಿತ್ತು, ಮಣ್ಣಾಗಿತ್ತು. ಸೆರಗಿನಿಂದ ಒರೆಸಿದೆ. ಒರೆಸಬಾರದಿತ್ತೋ ಏನೋ, ನನಗೆ ಯಾರು ಹೇಳಿಕೊಟ್ಟಿದ್ದರು? ಕೊರಳಪಟ್ಟಿ ಹರಿಸಿಕೊಂಡಿದ್ದ ಆ ಕಾವಲುಗಾರನೇ ಒಳಗೆ ಓಡಿ ಒಂದು ಬಕೆಟ್ಟಿನಲ್ಲಿ ಐಸು, ಒಂದು ಬಿಳಿ ಟವೆಲು ತಂದುಕೊಟ್ಟ. ಚೀಲ ಸಿಗಲಿಲ್ಲ. ಟವೆಲಿನಲ್ಲಿ ಸುತ್ತಿ ಐಸಿನೊಳಗೇ ಇಟ್ಟೆವು.

ತೋರಣಗಲ್ಲಿನಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಎಷ್ಟು ದೂರ ಎಂದು ನನ್ನನ್ನು ಕೇಳಬೇಕು. ಮತ್ತೆ ಹೊಸಪೇಟೆ, ಆಮೇಲೆ ಕೊಪ್ಪಳ, ಗದಗ. ಬಂದ ದಾರಿಯನ್ನೇ ಅರ್ಧ ವಾಪಸು ಹೋಗುವುದಿದೆಯಲ್ಲ, ಅದರಷ್ಟು ಉರಿಸುವುದು ಬೇರೆ ಇಲ್ಲ. ಗಂಡ ನಡುನಡುವೆ ಅಂಗೈಯಿಂದ ಸ್ಟೇರಿಂಗನ್ನು ಗುದ್ದುತ್ತಿದ್ದರು. ಕೊಪ್ಪಳ ದಾಟಿದ ಮೇಲೆ ತಮ್ಮ ಒಮ್ಮೆ ಬಾಯಿಬಿಟ್ಟ. "ಮಾಮಾ, ನನ್ನ ಇಲ್ಲೇ ಇಳಿಸಿ ಮ್ಯಾಲ ಗಾಡಿ ಹತ್ತಿಸಿಬಿಡು" ಎಂದ. ಗಂಡ ಎಡಗೈ ಬೀಸಿ ಅವನ ಬಾಯಿಗೆ ಹೊಡೆದರು, ಕಾರು ರಸ್ತೆ ಬಿಟ್ಟು ಇಳಿದು ಮತ್ತೆ ಹತ್ತಿತು. "ಬಕೀಟು ಹಿಡಿ ಸರಿಯಾಗಿ" ಎಂದರು. ಅವನು ಬಕೆಟ್ಟನ್ನು ಎರಡೂ ಕೈಯಿಂದ ತಬ್ಬಿಕೊಂಡ. ಐಸು ಕರಗಿ ನೀರು ತುಳುಕಿ ಅವನ ಪ್ಯಾಂಟು ತೊಯ್ದಿತು, ಆ ನೀರು ಕೆಂಪಗಿತ್ತು.

ಹುಬ್ಬಳ್ಳಿ ಹತ್ತಿರ ಬಂದಾಗ ತಲೆಯ ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ಗಾಲಿಗಳು ಕಾಣುವಷ್ಟು ಕೆಳಗೆ. ತಮ್ಮ ತಲೆ ಎತ್ತಲಿಲ್ಲ. ನಾನು ನೋಡಿದೆ, ಬೈದೆ, ಅದು ಯಾರದೋ ಊರಿನಿಂದ ಯಾರನ್ನೋ ಕರೆತಂದಿತ್ತು, ಅದರ ತಪ್ಪೇನೂ ಇರಲಿಲ್ಲ.

ಅಲ್ಲಿಯ ಡಾಕ್ಟರು ಕಾದಿದ್ದರು. ಬಕೆಟ್ಟಿನಿಂದ ಕೈ ತೆಗೆದು, ದೀಪದ ಕೆಳಗೆ ಹಿಡಿದು, ಕತ್ತರಿಸಿದ ಕೊನೆಯನ್ನು ಹೊರಳಿಸಿ ಹೊರಳಿಸಿ ನೋಡಿದರು. "ಎಲ್ಲಿದ್ರಿ ಇಷ್ಟೊತ್ತು?" ಎಂದು ಕೇಳಿದರು. ಮಣ್ಣು ಒಳಗೆಲ್ಲ ಹೋಗಿದೆ, ಐಸು ತಾಗಿ ಚರ್ಮ ಸತ್ತಿದೆ, ಹೊತ್ತೂ ಮೀರಿದೆ, ನೇರವಾಗಿ ಬಂದಿದ್ದರೆ ಒಂದು ಕೈ ನೋಡಬಹುದಿತ್ತು ಎಂದು ಅವರು ಮೆಲ್ಲಗೆ ಹೇಳಿದರು. ಒಂದು ಕೈ ನೋಡಬಹುದಿತ್ತು ಎಂಬ ಮಾತನ್ನು ಬಾಯಿತಪ್ಪಿ ಆಡಿದರು ಪಾಪ, ಆಡಿ ನಾಲಿಗೆ ಕಚ್ಚಿಕೊಂಡರು. ನಾನು ಎಡಗೈಗೆ ಸಿಕ್ಕ ಸ್ಟೀಲಿನ ಲೋಟ ಎತ್ತಿ ಬೀಸಿದೆ. ಗುರಿ ಇಲ್ಲದ ಕೈ, ಅದು ಗಂಡನಿಗೂ ತಾಗಲಿಲ್ಲ, ತಮ್ಮನಿಗೂ ತಾಗಲಿಲ್ಲ, ಕಿಟಕಿಯ ಗಾಜಿಗೆ ಬಿತ್ತು. "ಇಬ್ರೂ ನನ್ನ ಕಣ್ಣ ಮುಂದ ಇರಬ್ಯಾಡ್ರಿ, ಹೋಗ್ರಿ!" ಎಂದು ಕಿರುಚಿದೆ. ಅವರು ಹೋಗಿ ಹೊರಗಿನ ಬೆಂಚಿನ ಮೇಲೆ ಒಬ್ಬರ ಪಕ್ಕ ಒಬ್ಬರು ಕುಳಿತರಂತೆ, ನರ್ಸಮ್ಮ ಹೇಳಿದಳು. ಕೊನೆಗೆ ನನ್ನ ಮೊಂಡು ತೋಳಿಗೆ ಹೊಲಿಗೆ ಬಿತ್ತು.

ಕೈಯನ್ನು ಕೇಳಿ ಪಡೆದುಕೊಂಡೆವು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಕೊಟ್ಟಿಗೆಯ ಹಿಂದೆ ಗಂಡ ಗುಂಡಿ ತೋಡಿ, ಉಪ್ಪು, ವಿಭೂತಿ ಹಾಕಿ ಮಣ್ಣು ಮಾಡಿದರು. ಉಂಗುರ ಬೆರಳಿಗೆ ಬಿಗಿದಿತ್ತು, ಬರಲಿಲ್ಲ, ಇರಲಿ ಬಿಡಿ ಎಂದೆ.

ಆಮೇಲೆ ನಾನೂ ಆ ಪುಟವನ್ನು ಫೋನಿನಲ್ಲಿ ತೆರೆದು ನೋಡಿದ್ದೇನೆ. ಈಗಲೂ ಇದೆ. ನಕ್ಷೆಯ ಮೇಲೆ ಎರಡು ಚುಕ್ಕೆ ಇಟ್ಟು ನಡುವೆ ಒಂದು ನೆಟ್ಟಗಿನ ಗೆರೆ ಎಳೆದಿದ್ದಾರೆ. ಆ ಗೆರೆ ನಮ್ಮ ಹೊಸಪೇಟೆ ಅಣೆಕಟ್ಟಿನ ಹಿನ್ನೀರಿನ ಮೇಲೆ ಹಾದು ಹೋಗುತ್ತದೆ. ವಿಮಾನವೊಂದು ಹೋದರೆ ಇಷ್ಟು ಹೊತ್ತು ಎಂದು ಲೆಕ್ಕ ಹಾಕಿ ಬರೆದಿದ್ದಾರೆ. ಹೋಗುತ್ತದೆ ಎಂದು ಎಲ್ಲಿಯೂ ಬರೆದಿಲ್ಲ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಅದಕ್ಕೇ ನನಗೆ ಅದರ ಮೇಲೆ ಅಷ್ಟು ಸಿಟ್ಟು. ಸುಳ್ಳು ಹೇಳಿದ್ದರೆ ಯಾರನ್ನಾದರೂ ಹುಡುಕಿಕೊಂಡು ಹೋಗಿ ಹೊಡೆಯಬಹುದಿತ್ತು.

ಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು. ಖಾನಾವಳಿಯವರು ಒಂದಷ್ಟು ದಿನ ಕಾದರು, ಆಮೇಲೆ ಬೇರೆ ಕಡೆ ಮಷೀನಿನ ರೊಟ್ಟಿ ತರಿಸಿಕೊಂಡರು. ಕೊಟ್ಟೂರಿನ ಖಾನಾವಳಿಯೊಡತಿ ಮಾತ್ರ, "ನೀ ಯಾವಾಗ ಕಳಿಸ್ತಿ ಆವಾಗ ತಗೋತೀನಿ" ಎಂದು ಫೋನಿನಲ್ಲಿ ಹೇಳಿದಳು, ಹೇಳಿ ಅತ್ತಳು. ನನಗೆ ಕರುಣೆ ತೋರಿಸಿದರೆ ಮೈ ಉರಿಯುತ್ತದೆ, ಫೋನು ಇಟ್ಟುಬಿಟ್ಟೆ. ಎಡಗೈಯಿಂದ ಬಡಿದು ನೋಡಿದ್ದೆ. ಉಂಡೆ ಒಂದು ಕಡೆ ತೆಳ್ಳಗಾಗಿ ಹರಿಯುತ್ತಿತ್ತು, ಇನ್ನೊಂದು ಕಡೆ ದಪ್ಪ ಉಳಿಯುತ್ತಿತ್ತು. ಆ ಕೈಗೆ ತಿರುಗಿಸುವುದು ಗೊತ್ತಿತ್ತು, ಬಡಿಯುವುದು ಗೊತ್ತಿರಲಿಲ್ಲ. ಹಲಗೆಯನ್ನು ಅಟ್ಟಕ್ಕೆ ಹಾಕಿಸಿದೆ.

ಗಂಡ ಒಳಗೊಳಗೇ ಸವೆದರು. ನನ್ನ ಎದುರಿಗೆ ಬಂದಾಗಲೆಲ್ಲ ಬಲಗಾಲನ್ನು ಹಿಂದಕ್ಕೆ ಸರಿಸಿಕೊಳ್ಳುತ್ತ ನಿಲ್ಲುತ್ತಿದ್ದರು, ಆ ಕಾಲನ್ನು ನಾನು ನೋಡದಿರಲಿ ಎಂಬಂತೆ. ಹೊಸ್ತಿಲು ದಾಟಿ ಬರುವುದನ್ನು ತಮ್ಮ ಬಿಟ್ಟ. ಬೆಳಗ್ಗೆ ಬಸ್ಸಿನ ಹೊತ್ತಿಗೆ ಸರಿಯಾಗಿ ಓಣಿಯ ತುದಿಗೆ ಮೋಟರ್ ಸೈಕಲ್ಲು ತಂದು ನಿಲ್ಲಿಸಿಕೊಂಡು, ಗಂಟು ಇಲ್ಲ ಎಂದು ಗೊತ್ತಿದ್ದೂ ನಿಂತು ಹೋಗುತ್ತಿದ್ದ. ಕರೆಯಲಿಲ್ಲ ನಾನು. ಸಿಟ್ಟು ಇಳಿದಿರಲಿಲ್ಲ, ಇಳಿಯುವುದು ಬೇಕಾಗಿಯೂ ಇರಲಿಲ್ಲ.

ಹೀಗೇ ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಕುಳಿತಿದ್ದೆ. ಕೊಟ್ಟಿಗೆಯಿಂದ ಮೇವಿನ ಮಷೀನು ಶುರುವಾದ ಸದ್ದು ಬಂತು. ಗಂಡ ಇರಬೇಕು ಎಂದುಕೊಂಡೆ. ಮೇವು ತಿನ್ನುತ್ತಿರುವ ಮಷೀನಿನ ಸದ್ದು ಬೇರೆ, ಖಾಲಿ ತಿರುಗುವ ಸದ್ದು ಬೇರೆ. ಇದು ಖಾಲಿ ತಿರುಗುತ್ತಿತ್ತು. ಬಹಳ ಹೊತ್ತು ಖಾಲಿಯೇ ತಿರುಗಿತು. ಎದ್ದು ಓಡಿದೆ.

ತಮ್ಮ ಮಷೀನಿನ ಮುಂದೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿಯ ಬಲತೋಳನ್ನು ಮೊಣಕೈಯವರೆಗೆ ಮಡಚಿದ್ದ. ಕಣ್ಣು ಮುಚ್ಚಿದ್ದ. ಬಲಗೈ ಮಷೀನಿನ ಬಾಯಿಯ ಹತ್ತಿರ ಹೋಗಿತ್ತು, ಇನ್ನು ಒಂದೇ ಗೇಣು ಉಳಿದಿತ್ತು.

ಆ ಏಟು ಎಲ್ಲಿಂದ ಬಂತೋ ನನಗೆ ತಿಳಿಯದು. ಹೋದವಳೇ ಎಡಗೈ ಬೀಸಿ ಅವನ ಕೆನ್ನೆಗೆ ಹೊಡೆದೆ. ಅವನು ಹಾರಿ ಹೋಗಿ ಕಂಬಕ್ಕೆ ಬಡಿದು ಕೆಳಗೆ ಬಿದ್ದ, ತುಟಿ ಒಡೆಯಿತು. ಎದೆಯ ಮೇಲೆ ಮಂಡಿ ಊರಿ ಕುಳಿತು ಮತ್ತೆ ಹೊಡೆದೆ. ಎಡಕ್ಕೆ, ಬಲಕ್ಕೆ, ಕಿವಿಯ ಮೇಲೆ, ತಲೆಯ ಮೇಲೆ, ಬಿದ್ದಲ್ಲಿ ಬಿತ್ತು. ತೋರಣಗಲ್ಲಿನದು, ಹುಬ್ಬಳ್ಳಿಯದು, ಓಣಿಯ ತುದಿಯಲ್ಲಿ ನಿಂತು ಹೋದ ಅಷ್ಟೂ ಬೆಳಗಿನದು ಸೇರಿಸಿ ಹೊಡೆದೆ. ಎಮ್ಮೆಗಳು ಹಗ್ಗ ಜಗ್ಗಿ ಒದರಿದವು. ಗಂಡ ಓಡಿ ಬಂದು ಮೊದಲು ಮಷೀನು ಬಂದ್ ಮಾಡಿದರು, ಆಮೇಲೆ ನನ್ನನ್ನು ಹಿಡಿಯಲು ಬಂದವರು ಯಾಕೋ ಹಿಡಿಯದೆ ನಿಂತರು.

"ನಂದೊಂದು ಕೈ ಮಣ್ಣಾಗೈತಿ. ನಿಂದೂ ಮಣ್ಣು ಮಾಡಬೇಕೇನಲೇ?" ಎಂದು ಕೂಗಿದೆ. "ಆ ಕೈಗೆ ಅನ್ನ ಕಲಸಿ ಉಣಿಸೀನಿ ನಾನು. ಅದು ನಿನ್ನಪ್ಪನ ಮನಿದಲ್ಲ, ನಂದು. ಅದನ್ನ ಕತ್ತರಿಸಾಕ ನಿನಗ ಯಾರು ಹೇಳ್ಯಾರ? ನೀ ಕೈ ಕಳಕೊಂಡ್ರ ಹಿಟ್ಟು ಯಾರು ನಾದಬೇಕು, ನಮ್ಮಪ್ಪ ಎದ್ದು ಬರ್ತಾನೇನು?"

ಕೊನೆಯ ಮಾತು ನನ್ನ ಬಾಯಿಂದ ಹೇಗೆ ಬಂತು ಎಂದು ನನಗೇ ಆಶ್ಚರ್ಯವಾಯಿತು. ಹಿಟ್ಟು ನಾದುವ ವಿಚಾರವೇ ನನ್ನ ತಲೆಯಲ್ಲಿ ಇರಲಿಲ್ಲ. ಹೊಡೆಯುವುದನ್ನು ನಿಲ್ಲಿಸಿದೆ. ತಮ್ಮ ನೆಲದ ಮೇಲೆ, ಒಡೆದ ತುಟಿ, ಕೆಂಪಾದ ಕೆನ್ನೆಯಲ್ಲಿ ನನ್ನನ್ನೇ ನೋಡುತ್ತಿದ್ದ. ಎಷ್ಟೋ ದಿನಗಳ ಮೇಲೆ ನೇರವಾಗಿ ನೋಡುತ್ತಿದ್ದ.

"ಅಕ್ಕಾ" ಎಂದ, ರಕ್ತ ನುಂಗಿಕೊಂಡು. "ನಿನ್ನ ಎಡಗೈಗೆ ಬಡಿಯಾಕ ಬರ್ತೈತಿ."

ನಾನು ಅಂಗೈ ನೋಡಿಕೊಂಡೆ. ಕೆಂಪಗೆ ಉರಿಯುತ್ತಿತ್ತು. ಅವನ ಎದೆಯ ಮೇಲೆ ಕುಳಿತೇ ಅತ್ತೆ, ಅವನೂ ಅತ್ತ, ಗಂಡ ಕಂಬಕ್ಕೆ ಒರಗಿ ಆ ಕಡೆ ಮುಖ ಮಾಡಿಕೊಂಡರು. ಎಲ್ಲ ಮುಗಿದ ಮೇಲೆ ಅಟ್ಟದಿಂದ ಹಲಗೆ ಇಳಿಸಲು ಅವರಿಗೆ ಹೇಳಿದೆ.

ಅವತ್ತು ತಮ್ಮ ಕಚೇರಿಗೆ ಹೋಗಲಿಲ್ಲ. ಮಡಚಿದ್ದ ತೋಳನ್ನು ಬಿಚ್ಚಲೂ ಇಲ್ಲ, ಅದೇ ಬಲಗೈಯಿಂದ ಪರಾತದಲ್ಲಿ ಬಿಸಿನೀರು ಹಾಕಿ ಹಿಟ್ಟು ನಾದಿದ. ಗಟ್ಟಿ ಮಾಡಿದ, ಬೈದೆ. ತೆಳ್ಳಗೆ ಮಾಡಿದ, ಬೈದೆ. ಕೊನೆಗೆ ಉಂಡೆ ಹಲಗೆಯ ಮೇಲೆ ಬಂತು. ಅವನ ಕೆನ್ನೆ ನೆನಪಿಸಿಕೊಂಡು ಎಡಗೈ ಎತ್ತಿ ಬಡಿದೆ. ನಾನು ಬಡಿಯುತ್ತಿದ್ದರೆ ಅವನು ಪಕ್ಕದಲ್ಲಿ ಕುಳಿತು ಬಲಗೈಯಿಂದ ತಿರುಗಿಸುತ್ತಿದ್ದ. ಮೊದಲನೆಯದು ಹರಿಯಿತು, ಎಮ್ಮೆಗೆ ಹೋಯಿತು. ಆಮೇಲಿನವು ಸೊಟ್ಟಗಿದ್ದವು, ದಪ್ಪಗಿದ್ದವು, ಆದರೆ ಹರಿಯಲಿಲ್ಲ. ಒಂದು ಸಣ್ಣ ಗಂಟಾಯಿತು. ತಮ್ಮ ಅದನ್ನು ಕೊಟ್ಟೂರಿನ ಬಸ್ಸಿಗೆ ಹಾಕಿ ಬಂದ.

ಸಂಜೆ ಕೊಟ್ಟೂರಿನಿಂದ ಖಾನಾವಳಿಯೊಡತಿಯ ಫೋನು ಬಂತು. ಈ ಸಲ ಅಳಲಿಲ್ಲ ಅವಳು. "ಇದೇನ ರೊಟ್ಟಿ ಮಾಡೀಯೇ, ಗಿರಾಕಿ ಹಲ್ಲು ಮುರಕೊಂಡ್ರು" ಎಂದು ಬೈದಳು. ನಾನೂ ಬೈದೆ.